ಹುಳದ ಡಬ್ಬಿಗೆ ಕಾವಲು

ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಗಾಡಿಯನ್ನು ಕಾಫಿ ಅಂಗಡಿಯ ಹೊರಗೆ ಚಳಿಯಲ್ಲೇ ಬಿಟ್ಟು, ತಾವು ಮಾತ್ರ ಒಳಗೆ ಬೆಚ್ಚಗೆ ಕೂತು ಹರಟೆ ಹೊಡೆಯುವ ತಾಯಂದಿರನ್ನು ಕುಮುದಾ ಮೊದಲು ಕಂಡದ್ದು ಸ್ವೀಡನ್ನಿನ ಲುಂಡ್ ಊರಿಗೆ ಬಂದ ವಾರದಲ್ಲೇ. ಯಾರಾದರೂ ಎತ್ತಿಕೊಂಡು ಹೋದರೆ? ಬೇರೆ ಯಾರೂ ತಲೆ ಕೆಡಿಸಿಕೊಳ್ಳದ್ದರಿಂದ ಅವಳೇ ಹೋಗಿ ಒಂದು ಗಾಡಿಯ ಪಕ್ಕ ಕಾವಲು ನಿಂತಳು. ಮೂಗಿನ ತುದಿ ಮರಗಟ್ಟುವವರೆಗೂ ನಿಂತಳು. ಕೊನೆಗೆ ಹೊರಗೆ ಬಂದ ತಾಯಿ, ದಪ್ಪ ಕೋಟಿನ ಕೆಳಗೆ ಸೀರೆ ಅಂಚು ಇಣುಕುತ್ತಿದ್ದ ಈ ಅಪರಿಚಿತ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಗಾಡಿ ತಳ್ಳಿಕೊಂಡು ಬಿರಬಿರನೆ ಹೊರಟೇಬಿಟ್ಟಳು. "ನನ್ನನ್ನೇ ಕಳ್ಳಿ ಅಂದ್ಕೊಂಡ್ಲಲ್ರೀ!" ಅಂತ ಕುಮುದಾ ಗಂಡನ ಮುಂದೆ ವಾರವೆಲ್ಲ ಕುದ್ದಳು.

ಅವಳ ಗಂಡ ವಿಠ್ಠಲ ಅಲ್ಲಿನ ಯೂನಿವರ್ಸಿಟಿಯಲ್ಲಿ ಗಣಿತದ ಸಂಶೋಧಕ. ಒಳ್ಳೆಯ ಮನುಷ್ಯ, ಸಾರಿಗೆ ಉಪ್ಪು ಹಾಕಿಲ್ಲದಿದ್ದರೂ ತಿಂದು ಎದ್ದು ಹೋಗುವಂಥವನು. ಕುಮುದಾ ಹಾಗಲ್ಲ. ತುಮಕೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಚೆಕ್ಕಿನ ಸಹಿಗಳನ್ನು ಹಳೇ ಸಹಿಗಳ ಜೊತೆ ಹೋಲಿಸಿ ನೋಡುವುದು ಅವಳ ಕೆಲಸವಾಗಿತ್ತು. ಸಹಿಯ ಬಾಲ ಸ್ವಲ್ಪ ಉದ್ದ ಎಳೆದಿದ್ದರೆ ಸಾಕು, ಚೆಕ್ಕು ವಾಪಸ್. ಮ್ಯಾನೇಜರೇ ಬಂದು "ಅಮ್ಮಾ, ಇವರು ನಮ್ಮ ಮಾವನೋರು" ಅಂದರೂ "ಮಾವ ಆದ್ರೇನು ಸಾರ್, ಸಹಿ ಸರಿ ಇರ್ಬೇಕಲ್ಲ" ಅನ್ನುತ್ತಿದ್ದಳು. ಬ್ಯಾಂಕಿನಲ್ಲಿ ಅದಕ್ಕೆ ಮರ್ಯಾದೆ ಇತ್ತು. ಗಂಡನ ಜೊತೆ ಕೆಲಸ ಬಿಟ್ಟು ಸ್ವೀಡನ್ನಿಗೆ ಬಂದ ಮೇಲೆ ಹೋಲಿಸಿ ನೋಡಲು ಸಹಿಗಳೇ ಇಲ್ಲ. ಕಣ್ಣು ಸುಮ್ಮನಿರಬೇಕಲ್ಲ? ಹಾಲಿನ ಪ್ಯಾಕೆಟ್ಟಿನ ತಾರೀಖು, ಬಸ್ ಡ್ರೈವರಿನ ನಗು, ಎದುರು ಮನೆಯವರ ಮುಚ್ಚಿದ ಪರದೆ, ಎಲ್ಲದರ ಮೇಲೂ ಅನುಮಾನ. "ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಕಣೇ" ಅಂತ ವಿಠ್ಠಲ ರೇಗಿಸುತ್ತಿದ್ದ. ಮಕ್ಕಳಾಗಿರಲಿಲ್ಲ. ಆ ವಿಷಯ ಎತ್ತಿದವರ ಮೇಲಂತೂ ಅವಳಿಗೆ ಇಮ್ಮಡಿ ಅನುಮಾನ.

ಇಂಥವಳ ಮನಸ್ಸಿನೊಳಗೆ ಆ ಊರಲ್ಲಿ ಕಾಲಿಟ್ಟವಳು ಒಬ್ಬಳೇ, ಅನುರಾಧಾ. ಅದೇ ಬಿಲ್ಡಿಂಗಿನಲ್ಲಿ ಇವರ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಹಿಡಿದು ಪಿಎಚ್‌ಡಿ ಮಾಡುತ್ತಿದ್ದ ಕುಂದಾಪುರದ ಹುಡುಗಿ. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮಷೀನಿನ ಹಿಂದಿನಿಂದ "ಅಯ್ಯೋ ದೇವ್ರೇ, ನನ್ನ ಬಿಳಿ ಅಂಗಿ!" ಅಂತ ಕೂಗು ಕೇಳಿ ಕುಮುದಾ ಓಡಿಹೋಗಿ ನೋಡಿದ್ದಳು. ಕನ್ನಡದ ಹುಡುಗಿ ಅಂತ ಸಂತೋಷವೂ ಆಯಿತು, ಮೀನು ತಿನ್ನುವವಳು ಅಂತ ಮೂಗೂ ಮುರಿದಳು. ಮೊದಲೆರಡು ತಿಂಗಳು ಅವಳಿಗೆ ಸ್ಟೀಲ್ ಲೋಟ ಬಿಟ್ಟು ಬೇರೆಯದೇ ಒಂದು ಪಿಂಗಾಣಿ ಲೋಟದಲ್ಲಿ ಕಾಫಿ ಕೊಟ್ಟಳು. ಹುಡುಗಿಗೆ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ನಕ್ಕು ಕುಡಿದಳೋ, ದೇವರೇ ಬಲ್ಲ.

ಆ ಚಳಿಗಾಲದಲ್ಲಿ ಕುಮುದಾ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ವಿಠ್ಠಲನಿಗೆ ಸಮೀಕರಣ ಬಿಡಿಸಲು ಬರುತ್ತಿತ್ತೇ ಹೊರತು ಹೆಂಡತಿಯ ಜಡೆ ಹಾಕಲು ಬರುತ್ತಿರಲಿಲ್ಲ. ಅನುರಾಧಾ ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗುವ ಮುಂಚೆ ಸೈಕಲ್ಲಿನ ಹೆಲ್ಮೆಟ್ಟನ್ನು ಸೋಫಾದ ಮೇಲಿಟ್ಟು, ಕುಮುದಾಳ ಹಿಂದೆ ಕೂತು, ಎಣ್ಣೆ ಹಚ್ಚಿ ಬಾಚಿ ಜಡೆ ಹಾಕಿ ಹೋಗುತ್ತಿದ್ದಳು. ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ಪ್ಲಾಸ್ಟರು ಬಿಚ್ಚುವಷ್ಟರಲ್ಲಿ ಪಿಂಗಾಣಿ ಲೋಟ ಮೇಲಿನ ಶೆಲ್ಫಿಗೆ ಹೋಗಿತ್ತು. "ನನ್ನ ಒಡಹುಟ್ಟಿದವಳೂ ಇಷ್ಟು ಮಾಡ್ತಿರ್ಲಿಲ್ಲ" ಅಂತ ಕುಮುದಾ ಫೋನಿನಲ್ಲಿ ತುಮಕೂರಿಗೆ ಹೇಳಿಕೊಂಡು ಅತ್ತಳು. ಆ ಪರದೇಶದಲ್ಲಿ ಅವಳಿಗೆ ಸ್ವಂತ ಅಂತ ಸಿಕ್ಕಿದ್ದು ಆ ಹುಡುಗಿ ಒಬ್ಬಳೇ, ಇದು ಅವಳಿಗೂ ಗೊತ್ತಿತ್ತು.

ಇನ್ನು ಹುಳದ ಕಥೆ.

ತುಮಕೂರಿನ ಮನೆಯಲ್ಲಿ ತರಕಾರಿ ಸಿಪ್ಪೆಯನ್ನು ಯಾರೂ ಎಸೆಯುತ್ತಿರಲಿಲ್ಲ. ಬೆಳಿಗ್ಗೆ ಬೀದಿಯ ಹಸು ಗೇಟಿನ ಹತ್ತಿರ ಬಂದು ನಿಲ್ಲುತ್ತಿತ್ತು, ಬಾಳೆಹಣ್ಣಿನ ಸಿಪ್ಪೆ, ಸೌತೆಕಾಯಿ ತಿರುಳು, ಸೊಪ್ಪಿನ ದಂಟು ಎಲ್ಲ ಅದರ ಬಾಯಿಗೆ. ಲುಂಡ್‌ನಲ್ಲಿ ಹಸು ಎಲ್ಲಿಂದ ಬರಬೇಕು? ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವಾಗಲೆಲ್ಲ ಕುಮುದಾಗೆ ಯಾರದೋ ಬಾಯಿಂದ ತುತ್ತು ಕಿತ್ತು ಎಸೆದಂತೆ ಸಂಕಟವಾಗುತ್ತಿತ್ತು. ಹಾಗಿರುವಾಗ, ಎರಡು ಸಾವಿರದ ಆರನೇ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ, ಅವಳ ಸ್ವೀಡಿಷ್ ಕ್ಲಾಸಿನ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದ್ದರು: ಮನೆಯೊಳಗೇ ಎರೆಹುಳ ಸಾಕಿ ಗೊಬ್ಬರ ಮಾಡುವುದನ್ನು ಕಲಿಸುತ್ತೇವೆ, ಬನ್ನಿ. ಕಲಿಸುವವಳು ಗುನ್ವೋರ್ ಅನ್ನುವ ನಿವೃತ್ತ ಮುದುಕಿ. "ಪುಕ್ಕಟೆ ಹುಳ ಕೊಡ್ತಾರಂತೆ. ಯಾಕೆ ಕೊಡ್ತಾರೆ? ಏನೋ ಇರ್ಬೇಕು" ಅಂತ ಅನುಮಾನಿಸುತ್ತಲೇ ಕುಮುದಾ ಹೋದಳು. ಭಾಷೆಗೆ ಆಸರೆಯಾಗಿ ಅನುರಾಧಾಳನ್ನೂ ಎಳೆದುಕೊಂಡು ಹೋದಳು.

ವಿದ್ಯೆ ಏನೂ ದೊಡ್ಡದಲ್ಲ. ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಗಾಳಿಗೆ ತೂತು. ಒಳಗೆ ಹರಿದ ನ್ಯೂಸ್‌ಪೇಪರನ್ನು ನೀರಲ್ಲಿ ನೆನೆಸಿ, ಒಗೆದ ಬಟ್ಟೆ ಹಿಂಡಿದ ಹಾಗೆ ಹಿಂಡಿ, ಉದುರುದುರಾಗಿ ಹಾಸಬೇಕು. ಅದರ ಮೇಲೆ ಹುಳ. ಸಿಪ್ಪೆಯನ್ನು ಒಂದೊಂದು ಸಲ ಒಂದೊಂದು ಮೂಲೆಯಲ್ಲಿ ಹೂಳಬೇಕು, ಇದು ತಿಂದು ಮುಗಿಸಿದ ಮೇಲೆಯೇ ಮುಂದಿನದು. ನಿಂಬೆ ಸಿಪ್ಪೆ, ಎಣ್ಣೆ, ಉಪ್ಪು, ಖಾರ ಬೇಡ. ಕೊನೆಗೆ ಗುನ್ವೋರ್ ಹೇಳಿದ ಮಾತು: ಒಳಗೆಲ್ಲ ಹುಳಿ ಹಿಡಿಯಬಾರದು, ಅದಕ್ಕೆ ಆಗಾಗ ಒಂದು ಹಿಡಿ ಮೊಟ್ಟೆ ಚಿಪ್ಪು ಪುಡಿ ಮಾಡಿ ಉದುರಿಸಿ.

ಮೊಟ್ಟೆ ಅಂದ ತಕ್ಷಣ ಕುಮುದಾಳ ಮುಖ ಗಂಟಾಯಿತು. ಅವಳ ಮನೆಯಲ್ಲಿ ಅಡುಗೆಮನೆಯ ಪಕ್ಕದ ಗೋಡೆಗೆ ದೇವರ ಮಂಟಪ. ಮೊಟ್ಟೆ ಹಾಕಿದ ಬಿಸ್ಕತ್ತೂ ಆ ಹೊಸಿಲು ದಾಟಿರಲಿಲ್ಲ. ಅನುರಾಧಾ ಮೆಲ್ಲಗೆ "ಅಕ್ಕ, ಬರೀ ಚಿಪ್ಪಲ್ವಾ, ತೊಳೆದು ಹಾಕಿದ್ರಾಯ್ತು" ಅಂದಳು. "ಸುಮ್ನಿರೇ, ಮಹಾ ಹೇಳ್ಬಂದ್ಲು" ಅಂತ ಗದರಿಸಿ ಕುಮುದಾ ಗುನ್ವೋರಿಗೆ ಮಾತ್ರ ಸಿಹಿಯಾಗಿ ತಲೆಯಾಡಿಸಿದಳು.

ದಾರಿಯಲ್ಲೇ ಅವಳ ಬುದ್ಧಿ ಕೆಲಸ ಮಾಡಿತು. ಮೊಟ್ಟೆ ಚಿಪ್ಪಲ್ಲಿ ಇರೋದೇನು? ಸುಣ್ಣ. ಹೈಸ್ಕೂಲಿನಲ್ಲೇ ಓದಿದ್ದು. ಸುಣ್ಣಕ್ಕೆ ಮೊಟ್ಟೆನೇ ಯಾಕೆ ಬೇಕು? ವಿಠ್ಠಲನಿಗೆ ಭಾನುವಾರ ಊಟವಾದ ಮೇಲೆ ಎಲೆಯಡಿಕೆ ಹಾಕುವ ಚಪಲ. ಪಕ್ಕದ ಊರು ಮಾಲ್ಮೋದ ಏಷ್ಯಾ ಅಂಗಡಿಯಿಂದ ವೀಳ್ಯದೆಲೆ ತರುತ್ತಿದ್ದ, ಸುಣ್ಣದ ಟ್ಯೂಬು ಊರಿಂದ ಬಂದದ್ದು ಅಲಮಾರದಲ್ಲಿ ದಂಡಿಯಾಗಿತ್ತು. ತಾಂಬೂಲಕ್ಕೆ ಹಚ್ಚುವ ಸುಣ್ಣ, ದೇವರ ಮುಂದೆ ಇಡುವ ಪದಾರ್ಥ, ಇದಕ್ಕಿಂತ ಮಡಿ ಯಾವುದಿದೆ? ಪ್ರತಿ ಶುಕ್ರವಾರ ಪೂಜೆ ಮುಗಿಸಿ, ಒಂದು ಚಮಚ ಸುಣ್ಣವನ್ನು ನೀರಲ್ಲಿ ಕದಡಿ ಡಬ್ಬಿಯೊಳಗೆ ಚಿಮುಕಿಸಿ, ಉಳಿದ ಗಸಿಯನ್ನು ಮೂಲೆಗೆ ಸುರಿಯುವುದನ್ನು ಅವಳು ಶುರುಮಾಡಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆ, ಇಲ್ಲವೇ ತನ್ನ ಉಪಾಯ ಕದಿಯುತ್ತಾರೆ, ಎರಡರಲ್ಲಿ ಒಂದು ಖಂಡಿತ ಅಂತ ಅವಳ ಲೆಕ್ಕ.

ಡಬ್ಬಿ ಅಡುಗೆಮನೆಯ ಕಿಟಕಿಯ ಕೆಳಗೆ ಕೂತಿತು. ಮೊದಮೊದಲು ಹುಳಗಳ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ, ಹೊರಗೆ ಬಂದು ಹಾಸಿಗೆಗೆ ಹರಿದಾವು ಅಂತ ಮುಚ್ಚಳದ ಮೇಲೆ ಚಪಾತಿ ಮಣೆ ಹೇರಿದಳು. ಆದರೆ ದಿನಾ ಮುಚ್ಚಳ ತೆಗೆದು ನೋಡುತ್ತ ನೋಡುತ್ತ ಒಂಥರಾ ಮಮತೆ ಹುಟ್ಟಿತು. ಕುಂಬಳಕಾಯಿ ತಿರುಳು ಹಾಕಿದರೆ ಎಲ್ಲ ಒಟ್ಟಿಗೆ ಬಂದು ಮುತ್ತುತ್ತಿದ್ದವು. "ನೋಡು ಅನು, ಬೀಗರ ಊಟಕ್ಕೆ ಬಂದೋರ ಹಾಗೆ ಹೇಗೆ ಕೂತಿದಾವೆ" ಅಂತ ಕುಮುದಾ ತೋರಿಸುವಳು. ಅನುರಾಧಾ ಲ್ಯಾಬಿನಿಂದ ಬಂದವಳು ಕೋಟು ಬಿಚ್ಚುವ ಮುಂಚೆ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂರುವಳು. ಇಬ್ಬರಿಗೂ ಅದೊಂದು ಆಟ.

ಅಕ್ಟೋಬರ್ ಕಳೆಯುವಷ್ಟರಲ್ಲಿ ಆಟ ಕೆಟ್ಟಿತು. ಹುಳಗಳು ಡಬ್ಬಿಯ ಗೋಡೆ ಹತ್ತಿ ಮುಚ್ಚಳಕ್ಕೆ ಅಂಟಿಕೊಳ್ಳತೊಡಗಿದವು. ಕೆಲವು ತೂತಿನಿಂದ ನುಸುಳಿ ನೆಲದ ಮೇಲೆ ಒಣಗಿ ದಾರದ ತುಂಡಿನಂತೆ ಬಿದ್ದಿರುತ್ತಿದ್ದವು. ಒಳಗಿದ್ದವು ಸೊರಗಿದವು. ಕುಮುದಾಳ ಹಳೇ ಕಣ್ಣು ಎದ್ದು ಕೂತಿತು. ಯಾರೋ ಏನೋ ಹಾಕುತ್ತಿದ್ದಾರೆ. ಮೊದಲು ಗಂಡನನ್ನು ಹಿಡಿದಳು: "ರೀ, ಕಾಫಿ ಚರಟ ಬಿಸಿಬಿಸಿ ಸುರಿದ್ರಾ?" ಅವನು ಪಾಪ, ಡಬ್ಬಿ ಎಲ್ಲಿದೆ ಅಂತ ನೋಡಲು ಕನ್ನಡಕ ಹುಡುಕಿದ. ಆಮೇಲೆ ನಲ್ಲಿ ರಿಪೇರಿಗೆ ಬಂದಿದ್ದ ಬಿಲ್ಡಿಂಗಿನ ಮನುಷ್ಯ. ಆಮೇಲೆ ಗುನ್ವೋರ್: "ರೋಗದ ಹುಳ ನಮಗೆ ದಾಟಿಸಿದಾಳೆ, ಪುಕ್ಕಟೆ ಕೊಟ್ಟಾಗಲೇ ಅಂದ್ಕೊಂಡೆ." ಅನುರಾಧಾ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಅವಳೇ ಸಂಕಟಪಟ್ಟು "ಅಕ್ಕ, ಚಿಪ್ಪು ಹಾಕಿ ನೋಡೋಣ್ವಾ ಒಂದ್ಸಲ?" ಅಂದಾಗ ಕುಮುದಾ "ಮತ್ತೆ ಅದೇ ರಾಗ" ಅಂತ ಬಾಯಿ ಮುಚ್ಚಿಸಿದಳು. ಮಾರನೇ ಶುಕ್ರವಾರ ಸುಣ್ಣ ಒಂದು ಚಮಚದ ಬದಲು ಎರಡು ಚಮಚ ಬಿತ್ತು.

ಡಿಸೆಂಬರಿನಲ್ಲಿ ಗಂಡ ಹೆಂಡತಿ ರಜೆಗೆ ಊರಿಗೆ ಹೊರಟರು. ಸಾಯದೆ ಉಳಿದ ಹುಳಗಳನ್ನು ಯಾರ ಕೈಗೆ ಕೊಡುವುದು? ಮನೆ ಬೀಗದಕೈಯನ್ನು ಕುಮುದಾ ಜನ್ಮದಲ್ಲಿ ಯಾರಿಗೂ ಕೊಟ್ಟವಳಲ್ಲ. ಸ್ವಂತ ತಂಗಿಗೂ ಕೊಟ್ಟವಳಲ್ಲ. ಅನುರಾಧಾಳ ಅಂಗೈಗೆ ಅದನ್ನು ಇಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿ, "ನಿನ್ನ ನಂಬಿ ಕೊಡ್ತಿದೀನಿ" ಅಂದಳು. "ಹುಳನ ಸಾಯೋಕೆ ಬಿಡಲ್ಲ ಅಕ್ಕ, ನೋಡ್ತಿರಿ" ಅಂತ ಹುಡುಗಿ ನಕ್ಕಳು.

ಜನವರಿಯಲ್ಲಿ ವಾಪಸ್ ಬಂದವರು ಬಾಗಿಲು ತೆಗೆದರು. ಸೂಟ್‌ಕೇಸು ನಡುಮನೆಯಲ್ಲೇ ಬಿಟ್ಟು ಕುಮುದಾ ಡಬ್ಬಿಯ ಮುಚ್ಚಳ ಎತ್ತಿದಳು. ಒಳಗೆ ಕಪ್ಪಗೆ, ಹೊಸ ಮಳೆ ಬಿದ್ದ ನೆಲದ ವಾಸನೆ. ಹುಳಗಳು ಕೆಂಪಗೆ, ದಪ್ಪಗೆ, ಮರಿಗಳ ಸಂಸಾರ ಸಮೇತ ಮಿಜಿಮಿಜಿ ಅನ್ನುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ಕುಮುದಾ ಹುಬ್ಬು ಗಂಟಿಕ್ಕಿದಳು. ನಾನಿದ್ದಾಗ ಸಾಯುತ್ತಿದ್ದವು, ನಾನಿಲ್ಲದಾಗ ಕೊಬ್ಬಿದವೇ?

"ರೀ, ಇವು ನಮ್ಮ ಹುಳ ಅಲ್ಲ" ಅಂದಳು.

ವಿಠ್ಠಲ ಸ್ವೆಟರ್ ಬಿಚ್ಚುತ್ತಿದ್ದವನು ಅರ್ಧದಲ್ಲೇ ನಿಂತ. "ಹುಳದಲ್ಲಿ ನಮ್ಮದು ನಿಮ್ಮದು ಅಂತ ಸಹಿ ಹಾಕಿರುತ್ತೇನೇ?"

"ನಮ್ಮವು ಸಣ್ಣಕ್ಕಿದ್ವು. ಸತ್ತೋಗಿರ್ಬೇಕು, ಅವಳು ಬೇರೆ ತಂದು ತುಂಬಿಸಿದಾಳೆ. ಇಲ್ಲಾಂದ್ರೆ ಹೀಗಾಗೋಕೆ ಸಾಧ್ಯನೇ ಇಲ್ಲ."

"ಬದುಕಿದ್ರೂ ಅನುಮಾನ, ಸತ್ತರೂ ಅನುಮಾನ. ನಿನ್ನ ಹತ್ರ ಹುಳ ಆಗಿ ಹುಟ್ಟೋದು ಕಷ್ಟ" ಅಂತ ಅವನು ಸ್ನಾನಕ್ಕೆ ಹೋದ.

ಕುಮುದಾ ಬಿಡಲಿಲ್ಲ. ಹಾಳೆ ಹಾಸಿ, ಡಬ್ಬಿಯ ಗೊಬ್ಬರವನ್ನು ಸ್ವಲ್ಪಸ್ವಲ್ಪವೇ ತೆಗೆದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಕೆದಕಿದಳು. ಸಿಕ್ಕಿತು. ಅಕ್ಕಿ ಕಾಳಿನಷ್ಟು ಗಾತ್ರದ, ಕಂದು ಬಣ್ಣದ, ಒಳಗೆ ಬಿಳಿ ಇರುವ ಒಂದು ಚೂರು. ಅನುಮಾನವೇ ಇಲ್ಲ, ಮೊಟ್ಟೆ ಚಿಪ್ಪು. ಅವಳು ಗೆದ್ದವಳ ಹಾಗೆ ನೆಟ್ಟಗೆ ಕೂತಳು. ದೇವರ ಮಂಟಪದ ಎದುರಿಗೇ! ಬೇಡ ಬೇಡ ಅಂದಿದ್ದನ್ನು ತನ್ನ ಬೆನ್ನ ಹಿಂದೆ, ತಾನು ಕೊಟ್ಟ ಬೀಗದಕೈಯಿಂದಲೇ ಒಳಗೆ ಬಂದು! ಆ ಚೂರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಅವತ್ತು ಸಂಜೆ ಅನುರಾಧಾ ಬಾಗಿಲು ಬಡಿದಾಗ "ತಲೆನೋವು ಕಣೇ, ಆಮೇಲೆ ಬಾ" ಅಂತ ಒಳಗಿನಿಂದಲೇ ಹೇಳಿ ಕಳಿಸಿದಳು.

ಅಲ್ಲೇ, ಅವತ್ತೇ, ಬಾಗಿಲು ತೆಗೆದು ಬೈದಿದ್ದರೂ ಆಗುತ್ತಿತ್ತು. ಮನೆಯೊಳಗಿನ ಜಗಳ ಮನೆಯೊಳಗೇ ಆರುತ್ತಿತ್ತು. ಆದರೆ ಅನುಮಾನದ ಜನಕ್ಕೆ ಸಾಕ್ಷಿ ಸಿಕ್ಕರೆ ಸಾಲದು, ಸಭೆಯೂ ಬೇಕು.

ಸಭೆ ಸಿಕ್ಕಿತು. ಆ ಶನಿವಾರ ಮಾಲ್ಮೋದಲ್ಲಿ ಲೀಲಾವತಿ ಅವರ ಮನೆಯಲ್ಲಿ ಸಂಕ್ರಾಂತಿ. ಸುತ್ತಮುತ್ತಲ ಊರುಗಳ ಐಟಿ ಜನ, ಓದೋ ಹುಡುಗರು, ಒಟ್ಟು ಕನ್ನಡದ ಜನವೆಲ್ಲ ಸೇರಿದ್ದರು. ಬಾಗಿಲಲ್ಲಿ ಬೂಟುಗಳ ಗುಡ್ಡೆ, ಒಳಗೆ ಪೊಂಗಲ್ ವಾಸನೆ. ಅನುರಾಧಾ ಕೆಂಪು ಸೀರೆ ಉಟ್ಟು, ತಟ್ಟೆ ಹಿಡಿದು ಎಲ್ಲರಿಗೂ ಎಳ್ಳು ಹಂಚುತ್ತಿದ್ದಳು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನುತ್ತ ಅನ್ನುತ್ತ ಕುಮುದಾಳ ಹತ್ತಿರ ಬಂದಳು.

"ಅಕ್ಕ, ತಲೆನೋವು ಹೋಯ್ತಾ? ಹುಳ ನೋಡಿದ್ರಲ್ಲ, ಹೇಗಿದಾವೆ?" ಅಂದಳು. ಮುಖದ ತುಂಬ ನಗು.

ಕುಮುದಾ ಕೈಚೀಲದಿಂದ ಟಿಶ್ಯೂ ತೆಗೆದು ಬಿಚ್ಚಿದಳು. "ಇದೇನಮ್ಮಾ?"

ಹುಡುಗಿಯ ನಗು ಆರಿತು. "ಅದು... ಅಕ್ಕ, ಸಾಯ್ತಿದ್ವು. ಹೇಳಿದ್ರೆ ನೀವು ಬೇಡ ಅಂತೀರಿ ಅಂತ—"

"ಬೇಡ ಅಂತೀನಿ ಅಂತ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ." ಕುಮುದಾಳ ಸ್ವರ ಏರಿತು. ಸೋಫಾದಲ್ಲಿದ್ದವರು ಮಾತು ನಿಲ್ಲಿಸಿದರು. "ದೇವರು ಇರೋ ಮನೆ ಅದು. ಬೀಗದಕೈ ಕೊಟ್ಟಿದ್ದು ಸಿಪ್ಪೆ ಹಾಕು ಅಂತ, ಮೊಟ್ಟೆ ತಂದು ಸುರಿ ಅಂತಲ್ಲ. ನಾನಿಲ್ಲದಾಗ ಇಷ್ಟು ಮಾಡಿದವಳು ಇನ್ನೇನೇನು ಮಾಡಿದಾಳೋ ಯಾರಿಗ್ಗೊತ್ತು! ಬೀರುನೂ ಒಂದ್ಸಲ ತೆಗೆದು ನೋಡ್ಕೋಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೊನೆಯ ಮಾತು ಬಾಯಿಂದ ಜಾರಿದ ಗಳಿಗೆಯಲ್ಲಿ ಕುಮುದಾಗೇ ಒಂದು ಕ್ಷಣ ದಿಗಿಲಾಯಿತು. ವಿಠ್ಠಲ ಪೊಂಗಲ್ ತಟ್ಟೆ ಕೆಳಗಿಟ್ಟು "ಕುಮುದಾ!" ಅಂದ.

"ಬೀರುನಾ ಅಕ್ಕ?" ಅಂದಳು ಅನುರಾಧಾ. ಅಷ್ಟೇ. ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟಳು. ತನ್ನ ಚೀಲದಿಂದ ಬೀಗದಕೈ ತೆಗೆದು ತಟ್ಟೆಯ ಪಕ್ಕ ಇಟ್ಟಳು. ಆಮೇಲೆ ಬಾಗಿಲಿಗೆ ಹೋಗಿ ಬೂಟುಗಳ ಗುಡ್ಡೆಯಲ್ಲಿ ತನ್ನದನ್ನು ಹುಡುಕಿ, ಬಗ್ಗಿ ಲೇಸು ಕಟ್ಟತೊಡಗಿದಳು. ಬಹಳ ಹೊತ್ತು ಹಿಡಿಯಿತು. ಅಷ್ಟು ಜನವೂ ಅವಳು ಲೇಸು ಕಟ್ಟುವುದನ್ನೇ ಕೇಳುತ್ತ ಕೂತಿದ್ದರು. ಲೀಲಾವತಿ ಎದ್ದು ಹಿಂದೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮನೆಗೆ ಬಂದ ಕುಮುದಾ ಬೀರು ತೆಗೆದು ನೋಡಿಯೂ ನೋಡಿದಳು. ಬಳೆ, ಬೆಳ್ಳಿ ಕುಂಕುಮದ ಬಟ್ಟಲು, ರೇಷ್ಮೆ ಸೀರೆ, ಎಲ್ಲ ಇಟ್ಟಲ್ಲೇ ಇದ್ದವು. "ಎಲ್ಲಾ ಇದೆಯಾ?" ಅಂತ ವಿಠ್ಠಲ ಬಾಗಿಲಲ್ಲಿ ನಿಂತು ಕೇಳಿದ. ಅವನು ಸಿಟ್ಟು ಮಾಡಿದ್ದನ್ನು ಅವಳು ಕಂಡಿದ್ದೇ ಕಡಿಮೆ. "ಇದೆ" ಅಂದಳು. "ಹಾಗಾದ್ರೆ ಮೇಲೆ ಹೋಗಿ ಹೇಳಿ ಬಾ, ಎಲ್ಲಾ ಇದೆ ಅಂತ" ಅಂದ. ಅವಳು ಹೋಗಲಿಲ್ಲ. ಕೆಳಗೆ ಬಿದ್ದರೂ ಮೂಗು ಮೇಲೆ ಅನ್ನುವ ಜಾತಿ. ಬೀರು ಸರಿ ಇದ್ದರೇನಾಯ್ತು, ಚಿಪ್ಪು ಹಾಕಿದ್ದು ಸುಳ್ಳಾ ಅಂತ ತನಗೆ ತಾನೇ ವಾದ ಹೂಡಿದಳು.

ಆಮೇಲಿನ ಕೆಲಸ ಶುದ್ಧಿ. ಡಬ್ಬಿಯನ್ನು ಸುರಿದು, ಹುಳಗಳನ್ನು ಬೇರೆ ಮಾಡಿ, ಡಬ್ಬಿ ತೊಳೆದು, ಹೊಸ ಪೇಪರು ಹಾಸಿದಳು. ಮೈಲಿಗೆ ಕಳೆಯಲಿ ಅಂತ ಊರಿಂದ ತಂದ ಹೊಸ ಟ್ಯೂಬು ಒಡೆದು ಧಾರಾಳವಾಗಿ ಸುಣ್ಣ ಕದಡಿ ಸುರಿದಳು. ಎರಡನೇ ದಿನಕ್ಕೆ ಹುಳಗಳೆಲ್ಲ ಮುಚ್ಚಳಕ್ಕೆ ಅಂಟಿದ್ದವು. ವಾರ ತುಂಬುವುದರೊಳಗೆ ಡಬ್ಬಿ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು, ಹಾಗೆ ನಾರಿತು. ಹುಳಗಳು ಬಿಳಿಚಿ, ಗಂಟುಗಂಟಾಗಿ, ಸತ್ತು ರಾಶಿ ಬಿದ್ದಿದ್ದವು. ಅದನ್ನು ನೋಡಿ ಕುಮುದಾಗೆ ಅಳು ಬಂತು. ಅಳುವಿನ ಹಿಂದೆಯೇ ಅನುಮಾನವೂ ಬಂತು. ಆ ಹುಡುಗಿ ಬೀಗದಕೈ ವಾಪಸ್ ಕೊಡುವ ಮುಂಚೆ ಏನೋ ವಿಷ ಬೆರೆಸಿ ಹೋಗಿದ್ದಾಳೆ. ಇದನ್ನು ಬಿಡಬಾರದು. ಹುಳದ ವಿಷಯ ಬಲ್ಲವರಿಂದಲೇ ಹೇಳಿಸಿ, ಆ ಸಭೆಯ ಮುಂದೆಯೇ ತೋರಿಸಬೇಕು. ಅವಳು ಗುನ್ವೋರಿಗೆ ಫೋನ್ ಮಾಡಿದಳು.

ಗುನ್ವೋರ್ ಮಾರನೇ ದಿನ ಸೈಕಲ್ ತುಳಿದುಕೊಂಡು ಬಂದಳು. ಬೂಟು ಬಿಚ್ಚಿಟ್ಟು, ಉಣ್ಣೆ ಕಾಲುಚೀಲದಲ್ಲಿ ನಡೆದುಬಂದು ಡಬ್ಬಿಯ ಮುಂದೆ ಮಂಡಿಯೂರಿದಳು. ಸತ್ತ ಹುಳಗಳನ್ನು ನೋಡಿ ನಾಲಿಗೆಯಿಂದ ಲೊಚಗುಟ್ಟಿದಳು. ಮೂಲೆಯಲ್ಲಿ ಕೈ ಹಾಕಿ, ಮೊಸರಿನ ಹಾಗೆ ಹೆಪ್ಪುಗಟ್ಟಿದ ಒಂದು ಬಿಳಿ ಮುದ್ದೆ ಎತ್ತಿ, ಬೆರಳಲ್ಲಿ ಉಜ್ಜಿ, "ಇದೇನು?" ಅಂತ ಕೇಳಿದಳು.

ಕುಮುದಾ ಹೆಮ್ಮೆಯಿಂದಲೇ ಟ್ಯೂಬು ತಂದು ತೋರಿಸಿದಳು. ತನಗೆ ಬಂದ ಸ್ವೀಡಿಷ್‌ನಲ್ಲಿ, ಮೊಟ್ಟೆ ಚಿಪ್ಪಿನ ಬದಲು ಇದು, ಚೊಕ್ಕ, ನಮ್ಮ ದೇಶದಲ್ಲಿ ಎಲೆಗೆ ಹಚ್ಚಿ ತಿನ್ನುತ್ತೇವೆ ಅಂತ ವಿವರಿಸಿದಳು. ತಿನ್ನುತ್ತಾರೆ ಅಂದರೆ ಗುನ್ವೋರಿಗೆ ಕುತೂಹಲ. ಟ್ಯೂಬಿನ ಬಾಯಿಗೆ ಬೆರಳೊತ್ತಿ, ಒಂದು ದೊಡ್ಡ ತುಣುಕು ತೆಗೆದು, ನಾಲಿಗೆಗೆ ಇಟ್ಟುಕೊಳ್ಳಲು ಬಾಯಿ ತೆರೆದಳು.

"ಅಯ್ಯಯ್ಯೋ, ಹಾಗೆ ಬರೀ ಸುಣ್ಣ ಬಾಯಿಗೆ ಇಡಬೇಡ್ರೀ! ನಾಲಿಗೆ ಬೆಂದುಹೋಗುತ್ತೆ!" ಅಂತ ಕುಮುದಾ ಕನ್ನಡದಲ್ಲೇ ಕಿರುಚಿ ಅವಳ ಕೈ ಹಿಡಿದುಬಿಟ್ಟಳು.

ಗುನ್ವೋರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾದದ್ದು ಕುಮುದಾಗೆ. ಚಿಕ್ಕಂದಿನಿಂದ ಕೇಳಿದ ಮಾತು, ಎಲೆಗೆ ಸುಣ್ಣ ಒಂದು ಗುಲಗಂಜಿ ಹೆಚ್ಚಾದರೆ ಬಾಯೆಲ್ಲ ಹುಣ್ಣು. ಇವಳು ಚಮಚಗಟ್ಟಲೆ ಸುರಿದಿದ್ದಳು, ಆ ಹುಳಗಳ ಬರಿಮೈ ಮೇಲೆ. ಚಿಪ್ಪಿಲ್ಲ, ತೊಗಲಿಲ್ಲ, ಮೈಯೆಲ್ಲ ನಾಲಿಗೆಯಂಥ ಪ್ರಾಣಿ. ಗೋಡೆ ಹತ್ತದೆ ಇನ್ನೇನು ಮಾಡಿಯಾವು? ಅವಳು ಹಿಡಿದ ಕೈ ಬಿಡದೆ ಹಾಗೇ ನೆಲದ ಮೇಲೆ ಕೂತಳು.

ಗುನ್ವೋರ್ ಅವಳ ಬೆನ್ನು ಸವರಿದಳು. ಎಲ್ಲರೂ ಮೊದಲ ಸಲ ಕೊಲ್ಲುತ್ತಾರೆ, ಬೇರೆ ಹುಳ ಕೊಡ್ತೀನಿ ಅಂದಳು. ಆಮೇಲೆ, ಏನೂ ಅರಿಯದವಳು, ನಿಧಾನವಾಗಿ, ಕುಮುದಾಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿದಳು: ಆ ನಿನ್ನ ಹುಡುಗಿ ಎಲ್ಲಿ, ಬಲು ಒಳ್ಳೆಯವಳು. ಕ್ರಿಸ್‌ಮಸ್ ರಜೆಯಲ್ಲಿ ಮಂಜು ಸುರಿಯುವಾಗ ನನ್ನ ಮನೆಗೆ ಬಂದಿದ್ದಳು. ತನ್ನ ಅಡುಗೆಮನೆಯದು ಬೇಡ, ಅಲ್ಲಿ ಮೀನು ಬೇಯಿಸುತ್ತೇನೆ, ಅಕ್ಕನ ಮನೆಗೆ ಅದು ಹೋಗಬಾರದು ಅಂದಳು. ನನ್ನ ಮನೆಯ ಚಿಪ್ಪುಗಳನ್ನೇ ತೆಗೆದುಕೊಂಡು, ಬಿಸಿನೀರಲ್ಲಿ ಮತ್ತೆ ಮತ್ತೆ ತೊಳೆದು, ಒಲೆಯಲ್ಲಿ ಹುರಿದು, ಹಿಟ್ಟಿನ ಹಾಗೆ ಕುಟ್ಟಿದಳು. ಯಾಕಿಷ್ಟು ಅಂದೆ. ಅಕ್ಕನಿಗೆ ಬೇಜಾರಾಗಬಾರದು, ಹುಳವೂ ಸಾಯಬಾರದು ಅಂದಳು.

ಗುನ್ವೋರ್ ಹೋದ ಮೇಲೆ ಕುಮುದಾ ಎದ್ದು ಹಿಟ್ಟಿನ ಡಬ್ಬಿ ಕೆಳಗಿಳಿಸಿದಳು. ಏನಾದರೂ ಮಾಡಿ ತೆಗೆದುಕೊಂಡು ಹೋಗೋಣವೇ, ಹೋಳಿಗೆ, ಚಿತ್ರಾನ್ನ? ಥೂ, ಯಾವ ಮುಖಕ್ಕೆ ಹೋಳಿಗೆ ಅಂತ ಬೈದುಕೊಂಡು ಬರಿಗೈಯಲ್ಲೇ ಮೆಟ್ಟಿಲು ಹತ್ತಿದಳು. ಈ ಹುಡುಗಿ ಬಾಗಿಲು ತೆಗೆಯದೇ ಹೋದರೆ ಈ ಊರಲ್ಲಿ ತನಗೆ ಇನ್ಯಾರೂ ಇಲ್ಲ, ಅದು ಆ ಮೆಟ್ಟಿಲಿನ ಮೇಲೆ ಅವಳಿಗೆ ಸ್ಪಷ್ಟವಾಗಿ ಕಂಡಿತು.

ಬಾಗಿಲು ತೆಗೆಯಿತು. ಅನುರಾಧಾ ಹಳೇ ಸ್ವೆಟರಿನಲ್ಲಿ ನಿಂತಿದ್ದಳು. "ಬನ್ನಿ" ಅನ್ನಲಿಲ್ಲ, "ಯಾಕೆ ಬಂದ್ರಿ" ಅಂತಲೂ ಅನ್ನಲಿಲ್ಲ.

"ಅನು, ತಪ್ಪಾಯ್ತು ಕಣೇ" ಅಂದಳು ಕುಮುದಾ. "ಹುಳ ಸಾಯಿಸಿದ್ದು ನಾನೇ. ಎಲೆಗೆ ಹಾಕೋ ಸುಣ್ಣ ಸುರೀತಿದ್ದೆ. ನೀನು ಬದುಕಿಸಿದ್ದೆ, ನಾನು ಮತ್ತೆ ಕೊಂದೆ. ಗುನ್ವೋರ್ ಬಂದಿದ್ಲು, ಎಲ್ಲಾ ಹೇಳಿದ್ಲು. ಎಲ್ರ ಮುಂದೆ ನಿನಗೆ ಹಾಗಂದೆ, ಎಲ್ರ ಮುಂದೆನೇ ತಪ್ಪು ಒಪ್ಕೋತೀನಿ. ಲೀಲಾವತಿ ಮನೆಗೆ ಹೋಗಿ ಹೇಳ್ತೀನಿ."

ಅನುರಾಧಾ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಗುನ್ವೋರ್ ಹೇಳಿದ್ಲು, ಗೊತ್ತಾಯ್ತು, ಅದಕ್ಕೆ ಬಂದ್ರಿ. ಸರಿ ಅಕ್ಕ. ಅವಳು ಹೇಳ್ದೇ ಇದ್ದಿದ್ರೆ ಬರ್ತಿದ್ರಾ?"

ಬರ್ತಿದ್ದೆ ಕಣೇ ಅನ್ನುವ ಮಾತು ಕುಮುದಾಳ ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡಳು.

"ಇಲ್ಲ" ಅಂದಳು. "ಬರ್ತಿರ್ಲಿಲ್ಲ."

ಅನುರಾಧಾಳ ಕಣ್ಣು ತುಂಬಿತು. ತೋಳಿನಿಂದ ಒರೆಸಿಕೊಂಡಳು. "ನಿಜ ಹೇಳಿದ್ರಲ್ಲ, ಒಳ್ಳೇದಾಯ್ತು. ನಂಗೆ ಸಿಟ್ಟಿಲ್ಲ ಅಕ್ಕ, ದೇವರಾಣೆಗೂ ಇಲ್ಲ. ಆದ್ರೆ ಇನ್ಮೇಲೆ ನಿಮ್ಮನೇಲಿ ಕೂತ್ರೆ, ನನ್ನ ಕೈ ಎಲ್ಲಿದೆ, ಏನು ಮುಟ್ತಿದೆ ಅಂತ ನಾನೇ ನೋಡ್ಕೊಂಡು ಕೂತಿರ್ತೀನಿ. ಹಾಗೆ ಕೂತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಕುಮುದಾ ಬಾಯಿ ತೆರೆದಳು. ನಾನು ಇನ್ನು ನೋಡಲ್ಲ ಕಣೇ, ಅನುಮಾನ ಪಡಲ್ಲ ಅನ್ನಬೇಕು ಅಂತಿತ್ತು. ಅನ್ನಲು ಧೈರ್ಯ ಬರಲಿಲ್ಲ. ತನ್ನ ಮೇಲೆ ತನಗೇ ಆ ನಂಬಿಕೆ ಇರಲಿಲ್ಲ.

"ಹೂಂ" ಅಂದಳು. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಮನೆಯಲ್ಲಿ ವಿಠ್ಠಲ ಕಾಯುತ್ತಿದ್ದ.

"ಏನಂದ್ಲು?" ಅಂತ ಕೇಳಿದ.

"ಸರಿಯಾಗೇ ಅಂದ್ಲು ಕಣ್ರೀ" ಅಂತ ಕುಮುದಾ ಹೇಳಿ, ಬಾಗಿಲು ಹಾಕಿಕೊಂಡಳು.